ಔಷಧ ಸೋತಿತೇ, ವಾರಗಳು ಸಾಲದಾದುವೇ?

ಹೋಟೆಲಿನಲ್ಲಿ ಮೇಲಿಂದ ಮೇಲೆ ಕೈ ತೊಳೆಯುವವನನ್ನು ಯಾರೂ ಬಯ್ಯುವುದಿಲ್ಲ. ನಾವೂ ಬಯ್ಯಲಿಲ್ಲ. ಪತ್ರಿಕೆಯ ಕೆಲಸಕ್ಕೆ ಬರುವ ಮುನ್ನ ನಾವು ನಡೆಸುತ್ತಿದ್ದ ಹೋಟೆಲಿನಲ್ಲಿ ಕುಂದಾಪುರದ ಕಡೆಯ ತರುಣನೊಬ್ಬನಿದ್ದನು. ಹಿಟ್ಟು ರುಬ್ಬುವ ಕೆಲಸ ಅವನದು. ಪಾತ್ರೆ ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈ ತೊಳೆಯುತ್ತಿದ್ದನು. “ಶುಚಿಯೆಂದರೆ ಹೀಗಿರಬೇಕು” ಎಂದು ಇತರ ಮಾಣಿಗಳ ಎದುರು ನಾವೇ ಅವನನ್ನು ಹೊಗಳಿದೆವು. ಅವನ ಕೈಯ ಚರ್ಮ ಒಡೆದು ರಕ್ತ ಜಿನುಗಿದಾಗ, ನಡುರಾತ್ರಿ ಎದ್ದು ಗ್ಯಾಸ್ ಒಲೆಯ ತಿರುಪನ್ನು ಇಪ್ಪತ್ತು ಸಲ ಮುಟ್ಟಿ ನೋಡುವುದನ್ನು ಕಂಡಾಗ ಮಾತ್ರ, ಇದು ಶುಚಿಯಲ್ಲ, ಸಂಕಟ ಎಂಬುದು ನಮ್ಮ ಬುದ್ಧಿಗೆ ಹೊಳೆಯಿತು.

ಇದನ್ನು ಗೀಳು ಮನೋರೋಗವೆನ್ನುತ್ತಾರೆ. ಬೇಡವೆಂದರೂ ಒಂದೇ ಆಲೋಚನೆ ಮತ್ತೆ ಮತ್ತೆ ಬಂದು ಕಾಡುವುದು. ಅದನ್ನು ಶಮನಗೊಳಿಸಲು ತೊಳೆಯುವುದು, ಎಣಿಸುವುದು, ಬೀಗವನ್ನು ಎಳೆದೆಳೆದು ನೋಡುವುದು. ಕೂಡಿಸಿದ ಲೆಕ್ಕವನ್ನೇ ಹತ್ತಾರು ಬಾರಿ ಕೂಡಿಸಿ ಮನೆಗೆ ಹೋಗಲಾರದೆ ಕುಳಿತಿರುವ ಗುಮಾಸ್ತರೂ ಉಂಟು. ಹೀಗೆ ವರುಷಗಟ್ಟಲೆ ಬಳಲಿದವನನ್ನು ಖಿನ್ನತೆಯೂ ಹಿಡಿಯುವುದು ಆಶ್ಚರ್ಯವಲ್ಲ. ನಮ್ಮ ತರುಣನು ಊಟ ಬಿಟ್ಟನು, ನಿದ್ರೆ ಬಿಟ್ಟನು. ಒಂದು ದಿನ ಗಲ್ಲೆಯ ಬಳಿ ನಿಂತು, “ಧಣಿಗಳೇ, ನಾನು ಇದ್ದು ಏನು ಪ್ರಯೋಜನ?” ಎಂದನು. ಆ ಮಾತನ್ನು ಕೇಳಿ ನಮ್ಮ ಎದೆ ನಡುಗಿತು. ಅಂದೇ ಅವನನ್ನು ಕರೆದುಕೊಂಡು ಮನೋವೈದ್ಯರಲ್ಲಿಗೆ ಹೋದೆವು.

ಅಲ್ಲಿ ತಿಳಿದ ಸಂಗತಿಯೇ ಈ ಲೇಖನಕ್ಕೆ ಕಾರಣ. ಅವನು ನಮಗೆ ತಿಳಿಸದೆ ಈ ಮೊದಲೇ ಮೂವರು ಡಾಕ್ಟರರನ್ನು ಕಂಡಿದ್ದನು. “ಯಾವ ಮಾತ್ರೆಯೂ ನನಗೆ ನಾಟುವುದಿಲ್ಲ” ಎಂಬುದು ಅವನ ನಂಬಿಕೆ. ಡಾಕ್ಟರು ಹಳೆಯ ಚೀಟಿಗಳನ್ನೆಲ್ಲ ಮೇಜಿನ ಮೇಲೆ ಹರಡಿ ತಾರೀಖುಗಳನ್ನು ಓದಿದರು. ಮೊದಲನೆಯ ಮಾತ್ರೆ, ಹೊಟ್ಟೆ ತೊಳಸಿತೆಂದು 12 ದಿನಗಳಿಗೆ ನಿಂತಿತ್ತು. ಎರಡನೆಯದು, ಗುಣ ಕಾಣಲಿಲ್ಲವೆಂದು ಮೂರು ವಾರಕ್ಕೆ. ಮೂರನೆಯದನ್ನು ಒಂದು ತಿಂಗಳು ನುಂಗಿದ್ದನು, ಅದೂ ಆರಂಭದ ಸಣ್ಣ ಪ್ರಮಾಣದಲ್ಲಿ. “ಔಷಧ ಸೋತಿಲ್ಲ. ಅದಕ್ಕೆ ಅವಕಾಶವೇ ದೊರೆತಿಲ್ಲ” ಎಂದರು ಡಾಕ್ಟರು.

ನಮ್ಮದು ಎಸ್.ಎಸ್.ಎಲ್.ಸಿ.ಯವರೆಗಿನ ಓದು, ಔಷಧ ಹೇಳುವ ಅಧಿಕಾರ ನಮಗಿಲ್ಲ. ಆದರೆ ಡಾಕ್ಟರ ಬಾಯಿಂದ ಕೇಳಿ ತಿಳಿದುದನ್ನು ನಮ್ಮವರಿಗೆ ತಿಳಿಸುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ಖಿನ್ನತೆಗೆಂದು ತಯಾರಾದ ಕ್ಲೋಮಿಪ್ರಮೀನ್ ಗೀಳನ್ನೂ ಇಳಿಸುವುದೆಂದು ಐರೋಪ್ಯ ವೈದ್ಯರು 1960ರ ದಶಕದಲ್ಲಿ ಕಂಡುಕೊಂಡರು. ಅಮೆರಿಕದಲ್ಲಿ ಗೀಳಿಗೆಂದು ಅದಕ್ಕೆ ಅನುಮತಿ ದೊರೆತುದು 1989ರಲ್ಲಿ. ಬಳಿಕ ಫ್ಲುಯೋಕ್ಸೆಟಿನ್, ಸರ್ಟ್ರಲೀನ್, ಫ್ಲುವೋಕ್ಸಮಿನ್, ಪ್ಯಾರೋಕ್ಸೆಟಿನ್ ಮುಂತಾದವು ಬಳಕೆಗೆ ಬಂದುವು. ಇವು ಎರಡು ಬೇನೆಗಳಿಗೂ ಸಲ್ಲುವುದರಿಂದ, ಮತ್ತು ಕ್ಲೋಮಿಪ್ರಮೀನಿಗಿಂತ ಸುಲಭವಾಗಿ ಒಗ್ಗುವುದರಿಂದ, ಸಾಮಾನ್ಯವಾಗಿ ಮೊದಲು ಇವುಗಳಲ್ಲೊಂದನ್ನು ಕೊಡುತ್ತಾರೆ. ಗುಣದಲ್ಲಿ ಇವುಗಳ ನಡುವೆ ಹೆಚ್ಚಿನ ಅಂತರವಿಲ್ಲ. ರೋಗಿಯ ವಯಸ್ಸು, ಇತರ ಕಾಯಿಲೆ, ಇತರ ಔಷಧ, ಹಿಂದೆ ಒಗ್ಗಿದ್ದು ಒಗ್ಗದ್ದು, ಇವನ್ನು ನೋಡಿ ಆರಿಸುತ್ತಾರೆ. ಹಿಂದೆಂದಾದರೂ ನಿದ್ರೆಯಿಲ್ಲದೆಯೂ ದಣಿಯದಂತಹ ಅತ್ಯುತ್ಸಾಹದ ದಿನಗಳು ಬಂದಿದ್ದರೆ ಅದನ್ನು ಹೇಳಲೇಬೇಕು. ಆಗ ಔಷಧದ ದಾರಿಯೇ ಬೇರೆ.

ಖಿನ್ನತೆಯ ಗುಣ ನಾಲ್ಕರಿಂದ ಆರು ವಾರಗಳಲ್ಲಿ ಕಾಣಬಹುದು. ಗೀಳು ಹಟಮಾರಿ. ಅದಕ್ಕೆ ಎಂಟರಿಂದ ಹನ್ನೆರಡು ವಾರ ಬೇಕು, ಪ್ರಮಾಣವೂ ಹೆಚ್ಚು ಬೇಕಾಗುವುದುಂಟು. ಸರ್ಟ್ರಲೀನನ್ನು 50 ಮಿಲಿಗ್ರಾಂನಿಂದ ಆರಂಭಿಸಿ ಮೆಲ್ಲಮೆಲ್ಲನೆ 200ರವರೆಗೆ ಏರಿಸುತ್ತಾರೆ. ಕಷ್ಟವೇನೆಂದರೆ, ಉಪದ್ರವ ಮೊದಲು ಬರುವುದು, ಗುಣ ಆಮೇಲೆ. ಹೊಟ್ಟೆ ತೊಳಸುವುದು, ತಲೆನೋವು, ನಿದ್ರೆಯ ಏರುಪೇರು ಬಹಳ ಮಂದಿಗೆ ಒಂದೆರಡು ವಾರಗಳಲ್ಲಿ ತಗ್ಗುತ್ತವೆ. ದಾಂಪತ್ಯ ಸುಖಕ್ಕೆ ಅಡ್ಡಿಯಾದರೆ ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಬೇಕು. ನಾಚಿ ಗುಟ್ಟಾಗಿ ಮಾತ್ರೆ ಬಿಡುವುದು ಕೂಡದು. ಮೊದಲ ವಾರಗಳಲ್ಲಿ, ಅದರಲ್ಲೂ 25 ತುಂಬದವರಲ್ಲಿ, ಚಡಪಡಿಕೆ ಹೆಚ್ಚಿ ಸಾಯುವ ಆಲೋಚನೆ ಬಂದರೆ ಅಂದೇ ಡಾಕ್ಟರಲ್ಲಿಗೆ ಹೋಗತಕ್ಕದ್ದು.

ಹಾಗಾದರೆ ಔಷಧ ಬದಲಿಸುವುದು ಯಾವಾಗ? ತಕ್ಕ ಪ್ರಮಾಣದಲ್ಲಿ ತಕ್ಕಷ್ಟು ವಾರ ಕೊಟ್ಟರೂ ಗುಣವಾಗದಿದ್ದಾಗ, ಇಲ್ಲವೇ ಉಪದ್ರವ ಸಹಿಸಲಾಗದಿದ್ದಾಗ. ಬದಲಿಸುವ ಕ್ರಮ ಒಂದೊಂದಕ್ಕೆ ಒಂದೊಂದು. ಪ್ಯಾರೋಕ್ಸೆಟಿನ್ ದೇಹವನ್ನು ಬೇಗ ಬಿಡುವುದರಿಂದ ಥಟ್ಟನೆ ನಿಲ್ಲಿಸಿದರೆ ತಲೆ ತಿರುಗಿ, ತಲೆಯೊಳಗೆ ವಿದ್ಯುತ್ ಹೊಡೆದಂತಾಗುವುದುಂಟು. ಫ್ಲುಯೋಕ್ಸೆಟಿನ್ ಅದಕ್ಕೆ ವಿರುದ್ಧ. ನಿಲ್ಲಿಸಿದ ಮೇಲೂ ವಾರಗಟ್ಟಲೆ ದೇಹದಲ್ಲಿ ಉಳಿದಿರುತ್ತದೆ. ಅದರ ಬೆನ್ನಿಗೇ ಕ್ಲೋಮಿಪ್ರಮೀನ್ ನುಂಗಿದರೆ ಎರಡನೆಯದು ರಕ್ತದಲ್ಲಿ ಮಿತಿ ಮೀರಿ ಏರಿ, ಹೃದಯಕ್ಕೂ ಮಿದುಳಿಗೂ ಅಪಾಯವಾಗಬಹುದು. ಆದಕಾರಣ, ಗೆಳೆಯನಿಗೆ ಒಗ್ಗಿದ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗುವುದು ಶುದ್ಧ ಅವಿವೇಕ. ಮೈಕೈ ನೋವಿಗೆ ಕೊಡುವ ಟ್ರಮಡಾಲ್ ಸಹ ಇವುಗಳೊಡನೆ ಕೂಡಿ ಅಪಾಯ ತರಬಲ್ಲುದು.

ನಮ್ಮ ತರುಣನಿಗೆ ಎರಡನೆಯ ಚೀಟಿಯ ಸರ್ಟ್ರಲೀನನ್ನೇ ಮತ್ತೆ ಆರಂಭಿಸಿದರು. ಎರಡನೆಯ ವಾರ ಅವನು ಬಿಡಲು ಹೊರಟಾಗ, “ಇನ್ನೊಂದು ವಾರ ತಡೆ ಮಾರಾಯ, ಡಾಕ್ಟರನ್ನು ಕೇಳೋಣ” ಎಂದು ತಡೆದೆವು. ಆರನೆಯ ವಾರದಲ್ಲಿ ಬಡಿಸಿದುದನ್ನು ಬಿಡದೆ ಉಂಡನು. ಹನ್ನೆರಡು ವಾರಗಳಾದರೂ ಕೈ ತೊಳೆಯುವುದು ಅರ್ಧಕ್ಕಷ್ಟೇ ಇಳಿದಿತ್ತು. ಆಗ ಡಾಕ್ಟರು ಕ್ರಮವಾಗಿ ಫ್ಲುವೋಕ್ಸಮಿನ್‌ಗೆ ಬದಲಿಸಿದರು. ಹೊಸ ಮಾತ್ರೆಯಿಂದ ಅವನಿಗೆ ನಿದ್ರೆಯೇ ಬಾರದಾಯಿತು. ವಿಚಾರಿಸಿದರೆ, ದಿನಕ್ಕೆ ಏಳೆಂಟು ಲೋಟ ಕಾಫಿ! ಈ ಔಷಧವು ಕಾಫಿಯ ಸತ್ವವನ್ನು ದೇಹದಿಂದ ಹೊರಹೋಗಗೊಡದು. ಕಾಫಿ ಬೆಳಗಿನ ಒಂದು ಲೋಟಕ್ಕೆ ಇಳಿಯಿತು, ನಿದ್ರೆ ಮರಳಿತು.

ಔಷಧದೊಡನೆ ಇನ್ನೊಂದು ಚಿಕಿತ್ಸೆಯನ್ನೂ ಹೇಳಿಕೊಟ್ಟರು. ಅಂಜಿಕೆ ಹುಟ್ಟಿಸುವ ವಸ್ತುವನ್ನು ಬೇಕೆಂದೇ ಮುಟ್ಟಿ, ತೊಳೆಯದೆ ತಾಳಿಕೊಳ್ಳುವ ಅಭ್ಯಾಸ. ಅದು ಔಷಧದಷ್ಟೇ ಮುಖ್ಯವೆಂದರು. ಗುಣವಾದ ಮೇಲೂ ಒಂದೆರಡು ವರುಷ ಮಾತ್ರೆ ಮುಂದುವರಿಸಬೇಕೆಂದರು.

ಊರಿಂದೂರಿಗೆ ಕೆಲಸ ಬದಲಿಸುವ ನಮ್ಮ ಬಾಂಧವರಲ್ಲಿ ಒಂದು ವಿನಂತಿ. ಒಂದು ಸಣ್ಣ ಪುಸ್ತಕದಲ್ಲಿ ಮಾತ್ರೆಯ ಮೂಲ ಹೆಸರು, ಪ್ರಮಾಣ, ಆರಂಭಿಸಿದ ದಿನ, ಏರಿಸಿದ ದಿನ, ನಿಲ್ಲಿಸಿದ ದಿನ, ನಿಲ್ಲಿಸಿದ ಕಾರಣ ಬರೆದಿಡಿರಿ. ಕಂಪನಿಗೊಂದು ಹೆಸರಿರುವುದರಿಂದ ಒಂದೇ ಔಷಧವನ್ನು ಎರಡೆಂದು ಭ್ರಮಿಸಿ ನುಂಗುವ ಅಪಾಯವೂ ಇದರಿಂದ ತಪ್ಪುವುದು. ಖಾತೆ ಬರೆಯುವುದು ಗುಮಾಸ್ತರಿಗೆ ಹೊಸದೇ? ಬರೆಯಲಾರದ ಮಾಣಿಗೆ ಅವರೇ ಬರೆದುಕೊಡಲಿ. ಯಾರಲ್ಲಿಗೆ ಹೋಗಬೇಕೆಂದು ತಿಳಿಯದವರು 14416ಕ್ಕೆ ಫೋನು ಮಾಡಬಹುದು. ಇದು 2022ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್. ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲಿಯೂ ಮಾತನಾಡಬಹುದು.

ಮಾಲೀಕರಿಗೂ ಒಂದು ಮಾತು: ಡಾಕ್ಟರಲ್ಲಿಗೆ ಹೋದ ದಿನದ ಸಂಬಳ ಹಿಡಿಯಬೇಡಿರಿ.

ಆ ತರುಣನ ಗೀಳು ಪೂರ್ತಿ ಹೋಗಿಲ್ಲ. ಆದರೆ ಅವನ ದಿನವನ್ನು ಅದು ಈಗ ನುಂಗುವುದಿಲ್ಲ. ಕಳೆದ ದೀಪಾವಳಿಗೆ ಬಂದಿದ್ದಾಗ ನಮ್ಮ ಮನೆಯಲ್ಲಿ ಉಂಡು, ಎಲ್ಲರಂತೆ ಒಂದೇ ಸಲ ಕೈ ತೊಳೆದು ಬಂದು ಕುಳಿತನು. ಈ ಸಲ ನಾವು ಹೊಗಳಲಿಲ್ಲ. ಎಲೆಯಡಿಕೆಯ ತಟ್ಟೆಯನ್ನು ಮುಂದಕ್ಕೆ ಸರಿಸಿದೆವು.