ತಿಟ್ಟು ಮತ್ತು ಹಕ್ಕಿ: ಕೊರಟಗೆರೆ ಸೀಮೆಯ ಪಕ್ಷಿಸ್ಥಾನಗಳು

ನಾಲ್ಕು ಕಡೆಯೂ ನೀರು ಸುತ್ತಿದ ನೆಲವೇ ದ್ವೀಪವೆಂದು ಭೂಗೋಳದ ಮೊದಲ ಪಾಠ ಹೇಳುತ್ತದೆ. ಪಕ್ಷಿವೀಕ್ಷಣೆಯಲ್ಲಿ ಆಸಕ್ತಿಯುಳ್ಳವರು ಉಷ್ಣವಲಯದ ದ್ವೀಪಗಳನ್ನು ಅರಸಿ ಹೋಗುವುದಕ್ಕೆ ತಕ್ಕ ಕಾರಣವುಂಟು. ಸುತ್ತಲ ಕಡಲು ಅಲ್ಲಿಯ ಹಕ್ಕಿಗಳನ್ನು ಬೇರೆ ನಾಡಿನ ಬಳಗದಿಂದ ಅಗಲಿಸುತ್ತದೆ. ಅಗಲಿದವು ಬಹುಕಾಲದ ಮೇಲೆ ಬೇರೆಯೇ ಜಾತಿಗಳಾಗುತ್ತವೆ. ಸಿಂಹಳದ್ವೀಪವೊಂದರಲ್ಲಿಯೇ ಲೋಕದ ಮತ್ತಾವ ಭಾಗದಲ್ಲಿಯೂ ಕಾಣದ 30ಕ್ಕೂ ಮಿಕ್ಕ ಪಕ್ಷಿಜಾತಿಗಳಿವೆ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳ ಸೀಮೆಗೆ ಕಡಲೂ ಇಲ್ಲ, ವರ್ಷವಿಡೀ ತುಂಬಿ ಹರಿಯುವ ನದಿಯೂ ಇಲ್ಲ. ಆದರೂ ಹಕ್ಕಿಯ ಕಣ್ಣಿನಿಂದ ನೋಡಿದರೆ ಈ ಒಣನಾಡಿನಲ್ಲಿ ದ್ವೀಪಗಳು ಹಲವಿವೆ. ಅವು ಯಾವುವು, ಅವುಗಳನ್ನು ದ್ವೀಪಗಳನ್ನಾಗಿ ಉಳಿಸಿರುವುದು ಯಾವುದು ಎಂಬುದೇ ಇಲ್ಲಿಯ ವಿಚಾರ.

ಈ ವಿಷಯದಲ್ಲಿ ಸಂಸ್ಕೃತದ ‘ದ್ವೀಪ’ ಶಬ್ದಕ್ಕಿಂತ ಕನ್ನಡದ ‘ತಿಟ್ಟು’ ಎಂಬ ಮಾತು ಹೆಚ್ಚು ಉಪಯುಕ್ತವಾದುದು. ‘ದ್ವೀಪ’ದಲ್ಲಿ ನೀರೆಂಬ ಅರ್ಥದ ‘ಅಪ್’ ಅಡಗಿದೆ. ‘ತಿಟ್ಟು’ ಎಂಬಲ್ಲಿ ನೀರಿನ ಪ್ರಸ್ತಾಪವೇ ಇಲ್ಲ. ಸುತ್ತಣ ನೆಲಕ್ಕಿಂತ ಎತ್ತರವಾಗಿ ನಿಂತುದೆಲ್ಲವೂ ತಿಟ್ಟೇ. ಹೊಲದ ನಡುವಣ ದಿಬ್ಬಕ್ಕೂ ಹೊಳೆಯ ನಡುವಣ ಗಡ್ಡೆಗೂ ಈ ಒಂದೇ ಪದ ಸಲ್ಲುತ್ತದೆ. ಕನ್ನಡನಾಡಿನ ಅತ್ಯಂತ ಪ್ರಸಿದ್ಧವಾದ ಪಕ್ಷಿಸ್ಥಾನದ ಹೆಸರಿನಲ್ಲಿಯೂ ಇದೇ ಪದವಿರುವುದು ಗಮನಿಸತಕ್ಕದ್ದು.

ಶ್ರೀರಂಗಪಟ್ಟಣದ ಬಳಿಯ ರಂಗನತಿಟ್ಟು ನಿಜವಾದ ಜಲದ್ವೀಪ. 17ನೆಯ ಶತಮಾನದಲ್ಲಿ ಕಾವೇರಿಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಅಲ್ಲಿಯ ನಡುಗಡ್ಡೆಗಳು ರೂಪುಗೊಂಡವು. 1939-40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಪರಿಶೀಲನೆ ನಡೆಸಿದ ಪಕ್ಷಿಶಾಸ್ತ್ರಜ್ಞ ಸಲೀಂ ಅಲಿಯವರ ಒತ್ತಾಸೆಯಿಂದ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ಅಂತರರಾಷ್ಟ್ರೀಯ ಮಹತ್ತ್ವದ ಜೌಗುನೆಲಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಬಾಯ್ಕಳಕ, ಬಣ್ಣದ ಕೊಕ್ಕರೆ, ಹೆಜ್ಜಾರ್ಲೆ, ಬೆಳ್ಳಕ್ಕಿ ಮುಂತಾದವು ಅಲ್ಲಿ ಗೂಡುಕಟ್ಟುವುದಕ್ಕೆ ಮರಗಳ ಸೊಂಪೊಂದೇ ಕಾರಣವಲ್ಲ. ನಾಯಿ, ಬೆಕ್ಕು, ಮನುಷ್ಯ ಇವರಾರೂ ಸುಲಭವಾಗಿ ದಾಟಲಾರದ ನೀರು ಸುತ್ತಲೂ ಇದೆ. ಆ ನೀರಿನಲ್ಲಿ ಮೊಸಳೆಗಳಿವೆ. ಹೀಗೆ ದ್ವೀಪದ ಸಾರವು ಅದರ ಅಂಚಿನಲ್ಲಿರುವುದು: ಹಕ್ಕಿ ದಾಟಬಲ್ಲ, ಹಕ್ಕಿಯ ಹಗೆ ದಾಟಲಾರದ ಒಂದು ಮೇರೆ.

ಈ ಲಕ್ಷಣವನ್ನು ಹಿಡಿದು ಕೊರಟಗೆರೆಯ ಸೀಮೆಯನ್ನು ನೋಡಿದರೆ ಮೊದಲು ಕಾಣುವುವು ಬೆಟ್ಟಗಳು. ಬಯಲಿನಿಂದ ಒಮ್ಮೆಲೇ ಮೇಲೆದ್ದ ಒಂಟಿ ಬಂಡೆಬೆಟ್ಟಗಳನ್ನು ಜರ್ಮನಿಯ ಭೂವಿಜ್ಞಾನಿ ವಿಲ್ಹೆಲ್ಮ್ ಬೋರ್ನ್‌ಹಾರ್ಟ್ 1900ರಲ್ಲಿ ‘ಇನ್ಸೆಲ್‌ಬರ್ಗ್’ ಎಂದು ಕರೆದನು. ದ್ವೀಪಪರ್ವತವೆಂದೇ ಅದರ ಅರ್ಥ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಸಿದ್ಧರಬೆಟ್ಟ, ಸಮುದ್ರಮಟ್ಟದಿಂದ 1,100 ಮೀಟರಿಗೂ ಮಿಕ್ಕು ಎತ್ತರವಾದ ಮಧುಗಿರಿಯ ಏಕಶಿಲಾಬೆಟ್ಟ, ಪಾವಗಡದ ದುರ್ಗ ಇವೆಲ್ಲವೂ ಈ ಬಗೆಯವು. ಇಂಥ ಬೆಟ್ಟಗಳಿಗೆ ಹೊಂದಿಕೊಂಡ ಹಕ್ಕಿಯೊಂದುಂಟು: ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಹೊರಗೆ ಲೋಕದಲ್ಲೆಲ್ಲಿಯೂ ಇದು ಇಲ್ಲ. ಜೆರ್ಡನ್ ಎಂಬ ವೈದ್ಯನು 1840ರ ದಶಕದಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಗುಂಡುಗಳ ಸಂದಿನ ಕುರುಚಲು ಕಾಡಿನಲ್ಲಿ ಹಣ್ಣು, ಹುಳುಗಳನ್ನು ತಿಂದು ಬದುಕುವ ಈ ನಾಚಿಕೆಯ ಹಕ್ಕಿಯನ್ನು ಜಯಮಂಗಲಿ ನದಿಯ ಉಗಮಸ್ಥಾನವಾದ ದೇವರಾಯನದುರ್ಗದಲ್ಲಿಯೂ ಪೂರ್ವಕ್ಕೆ ನಂದಿಬೆಟ್ಟದಲ್ಲಿಯೂ ವೀಕ್ಷಕರು ಹುಡುಕಿ ನೋಡುತ್ತಾರೆ. ಎರಡು ಬೆಟ್ಟಗಳ ನಡುವಣ ಹೊಲ, ತೋಟ, ಊರುಗಳು ಅದಕ್ಕೆ ನೆಲೆಯಲ್ಲ. ಆ ಬಯಲೇ ಅದರ ಪಾಲಿನ ಕಡಲು. ಆದುದರಿಂದ ಒಂದು ಬೆಟ್ಟವನ್ನು ಕಲ್ಲುಗಣಿಗಾಗಿ ಒಡೆದರೆ ಅಲ್ಲಿಯ ಪಿಕಳಾರಗಳು ಪಕ್ಕದ ಬೆಟ್ಟಕ್ಕೆ ಹೋಗಿ ನೆಲಸುವುವೆಂದು ನಂಬುವಂತಿಲ್ಲ.

ಎರಡನೆಯ ಬಗೆಯ ದ್ವೀಪ ಹುಲ್ಲಿನದು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿ ಸುಮಾರು 798 ಎಕರೆಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಪ್ರದೇಶವೆಂದು ಸಾರಲಾಯಿತು. ಕೃಷ್ಣಮೃಗಕ್ಕಾಗಿ ಕಾಪಾಡಿದ ಈ ನೆಲ ನೆಲದ ಮೇಲೆಯೇ ಮೊಟ್ಟೆಯಿಡುವ ಹಕ್ಕಿಗಳಿಗೂ ಆಸರೆಯಾಗಿದೆ. ನೆಲಗುಬ್ಬಿಗಳು ಇಲ್ಲಿವೆ, ಪಂಚತಂತ್ರದ ಕಥೆಯಲ್ಲಿ ಸಮುದ್ರದೊಡನೆ ಹಗೆ ಕಟ್ಟಿದ ಟಿಟ್ಟಿಭವೂ ಇದೆ. ಚಳಿಗಾಲದಲ್ಲಿ ಉತ್ತರದೇಶಗಳಿಂದ ಬಂದ ಗಿಡುಗದ ಜಾತಿಯ ಹಕ್ಕಿಗಳು ಹುಲ್ಲಿನ ಮೇಲೆ ತಗ್ಗಾಗಿ ತೇಲುತ್ತ ಬೇಟೆಯಾಡುತ್ತವೆ. ಇದರ ಸುತ್ತಲೂ ಉತ್ತ ಹೊಲ. ದ್ವೀಪ ಕಿರಿದಾದಷ್ಟೂ ಅದರಲ್ಲಿ ಉಳಿಯುವ ಜಾತಿಗಳು ಕಡಮೆಯೆಂಬ ತತ್ತ್ವವನ್ನು ಮ್ಯಾಕ್ ಆರ್ಥರ್ ಮತ್ತು ವಿಲ್ಸನ್ ಎಂಬ ಅಮೆರಿಕದ ವಿದ್ವಾಂಸರು 1967ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಪ್ರತಿಪಾದಿಸಿದರು. ಅವರ ಆಧಾರ ಕಡಲಿನ ದ್ವೀಪಗಳೇ ಆದರೂ ಹೊಲಗಳ ನಡುವೆ ಉಳಿದ ಕಾಡು, ಹುಲ್ಲುಗಾವಲುಗಳಿಗೂ ಆ ತತ್ತ್ವವನ್ನು ಅನ್ವಯಿಸುವುದು ಅಲ್ಲಿಂದೀಚೆಗೆ ರೂಢಿಯಾಗಿದೆ. ಹುಲ್ಲಿನ ನೆಲಕ್ಕೆ ‘ಬಂಜರು’, ‘ಪಾಳು’ ಎಂಬ ಹೆಸರು ಬಿದ್ದರೆ ಅಲ್ಲಿ ಗಿಡ ನೆಡುವುದೂ ಕಟ್ಟಡವೆಬ್ಬಿಸುವುದೂ ಸುಧಾರಣೆಯಾಗಿ ತೋರುತ್ತದೆ. ಮೈಸೂರು ಸೀಮೆಯ ಹಳೆಯ ಆಡಳಿತದಲ್ಲಿ ಅಮೃತಮಹಲ್ ದನಗಳ ಹುಲ್ಲುಗಾವಲಿಗಿದ್ದ ಹೆಸರು ‘ಕಾವಲು’. ಒಂದು ಮಾತು ನೆಲವನ್ನು ಬರಡೆನ್ನುತ್ತದೆ. ಮತ್ತೊಂದು, ಅದನ್ನು ಕಾಯಬೇಕೆನ್ನುತ್ತದೆ.

ಮೂರನೆಯ ದ್ವೀಪ ಊರಿನೊಳಗೇ ಇದೆ. ಸಿರಾ ತಾಲ್ಲೂಕಿನ ಕಗ್ಗಲಡು ಗ್ರಾಮದ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಬೂದುಬಕಗಳೂ ಗೂಡುಕಟ್ಟುತ್ತವೆ. ವರ್ಷದ ಆದಿಭಾಗದಲ್ಲಿ ಬಂದ ಕೊಕ್ಕರೆಗಳು ಮರಿಗಳನ್ನು ಬೆಳೆಸಿಕೊಂಡು ಮಳೆಗಾಲದಲ್ಲಿ ಹೊರಟುಹೋಗುತ್ತವೆ. ಬೇಸಗೆಯಲ್ಲಿ ಮರಿಮಾಡುವುದು ಮೇಲುನೋಟಕ್ಕೆ ವಿಪರೀತವಾಗಿ ತೋರಬಹುದು. ಆದರೆ ಬಣ್ಣದ ಕೊಕ್ಕರೆ ಕಣ್ಣಿನಿಂದ ನೋಡಿ ಮೀನು ಹಿಡಿಯುವುದಕ್ಕಿಂತ ಹೆಚ್ಚಾಗಿ ಸ್ಪರ್ಶದಿಂದಲೇ ಹಿಡಿಯುತ್ತದೆ: ಅರೆತೆರೆದ ಕೊಕ್ಕನ್ನು ತೆಳ್ಳಗಿನ ನೀರಿನಲ್ಲಿಟ್ಟು ಆಡಿಸುತ್ತ, ಮೀನು ತಾಕಿದೊಡನೆ ಕೊಕ್ಕನ್ನು ಮುಚ್ಚುತ್ತದೆ. ಕೆರೆಗಳು ಇಂಗುತ್ತ ಬಂದು ಮೀನುಗಳು ಅಲ್ಪಜಲದಲ್ಲಿ ಒತ್ತಾಗುವ ಕಾಲವೇ ಅದಕ್ಕೆ ಸುಗ್ಗಿ. ಆದುದರಿಂದ ಊರಿನ ಮರವೂ ಸುತ್ತಲಿನ ಕೆರೆಗಳೂ ಸೇರಿಯೇ ಅದರ ನೆಲೆ. ಕೆರೆ ಪೂರ್ತಿ ಬತ್ತಿದ ವರ್ಷ ಮರವಿದ್ದೂ ಫಲವಿಲ್ಲ.

ಇಲ್ಲಿ ನೀರಿನ ಕಂದಕವಿಲ್ಲ, ಬಂಡೆಯ ಕೋಟೆಯಿಲ್ಲ. ಮೇರೆಯನ್ನು ಹಾಕಿರುವುದು ಊರವರ ಸಂಯಮ. ಅದಕ್ಕೆ ಬೆಲೆಯುಂಟೆಂಬುದನ್ನು ಮರೆಯಲಾಗದು. ಹುಣಸೆಹಣ್ಣು ಉದುರಿಸುವ ಕಾಲವೂ ಗೂಡಿನಲ್ಲಿ ಮೊಟ್ಟೆಯಿರುವ ಕಾಲವೂ ಬಹುಮಟ್ಟಿಗೆ ಒಂದೇ. ಗಳುವೆತ್ತಿ ಕೊಂಬೆ ಬಡಿದರೆ ಹಣ್ಣಿನೊಡನೆ ಗೂಡೂ ಬೀಳುವುದು; ಬಡಿಯದಿದ್ದರೆ ಮಳೆಯನ್ನೇ ನಂಬಿದ ಒಕ್ಕಲಿಗೆ ವರ್ಷದ ಆದಾಯದಲ್ಲಿ ಒಂದು ಭಾಗ ನಷ್ಟವಾಗುವುದು. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿಯೂ ಇದೇ ಸಮಸ್ಯೆಯಿದ್ದು, ಮರದ ಒಡೆಯರಿಗೆ ಸರ್ಕಾರ ಪರಿಹಾರ ಕೊಡುವ ಏರ್ಪಾಡು ಅಲ್ಲಿ ನಡೆದುಬಂದಿದೆ; 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವೆನಿಸಿತು. ಹಕ್ಕಿಯನ್ನು ಕಾಯುವ ಭಾರವನ್ನು ಬಡವನ ಮರವೊಂದರ ಮೇಲೆಯೇ ಹೊರಿಸತಕ್ಕದ್ದಲ್ಲವೆಂಬ ನ್ಯಾಯ ಈ ಏರ್ಪಾಡಿನಲ್ಲಿದೆ. ನೋಡಲು ಬರುವವರ ಕರ್ತವ್ಯವೂ ಇದರಿಂದಲೇ ಸ್ಪಷ್ಟವಾಗುತ್ತದೆ: ಮರದ ಬುಡಕ್ಕೆ ನುಗ್ಗದೆ, ಸದ್ದುಮಾಡದೆ, ದೂರದಿಂದ ದುರ್ಬೀನಿನಲ್ಲಿ ನೋಡುವುದು. ಬೆಚ್ಚಿದ ತಾಯಿಹಕ್ಕಿ ಗೂಡುಬಿಟ್ಟೆದ್ದರೆ ಎಳೆಮರಿಗಳು ಬಿಸಿಲಿಗೂ ಕಾಗೆಗಳಿಗೂ ಈಡಾಗುತ್ತವೆ.

ಸಾಹಿತ್ಯವನ್ನು ಬೋಧಿಸುವವರಿಗೆ ಈ ಸ್ಥಾನಗಳಿಂದ ಮತ್ತೊಂದು ಪ್ರಯೋಜನವುಂಟು. ಕಾವ್ಯದಲ್ಲಿ ಬರುವ ಎಷ್ಟೋ ಪಕ್ಷಿನಾಮಗಳಿಗೆ ನಿಘಂಟುಗಳೂ ಟೀಕೆಗಳೂ ಕೊಡುವ ಅರ್ಥ ‘ಪಕ್ಷಿವಿಶೇಷ’ ಎಂಬಷ್ಟೇ. ಹಕ್ಕಿಯನ್ನು ಕಾಣದೆ ಓದುವ ವಿದ್ಯಾರ್ಥಿಗೆ ಟಿಟ್ಟಿಭದ ಸಾಹಸ ಬರಿಯ ಕಟ್ಟುಕಥೆ. ಬಟ್ಟಬಯಲಿನಲ್ಲಿ, ಗೂಡೆಂಬ ನೆಪವೂ ಇಲ್ಲದೆ, ಕಲ್ಲಹರಳಿನ ಬಣ್ಣದ ಮೊಟ್ಟೆಗಳನ್ನಿಟ್ಟು, ಬಳಿ ಸಾರಿದವರ ತಲೆಯ ಮೇಲೆ ಕೂಗಿ ಹಾರಾಡುವ ಹಕ್ಕಿಯನ್ನು ಮೈದನಹಳ್ಳಿಯಂಥ ಎಡೆಯಲ್ಲಿ ಕಂಡವನಿಗೆ ಆ ಕಥೆಯ ಮೂಲ ತಿಳಿಯುತ್ತದೆ. ಕುರಿಕಾಯುವವರೂ ಹುಣಸೆ ಬಿಡಿಸುವವರೂ ಕೆರೆಯಲ್ಲಿ ಬಲೆ ಬೀಸುವವರೂ ಬಳಸುವ ಹಕ್ಕಿಯ ಹೆಸರುಗಳನ್ನು ತಾಲ್ಲೂಕು ತಾಲ್ಲೂಕಾಗಿ ಸಂಗ್ರಹಿಸಿ, ಹಕ್ಕಿಯನ್ನು ಗುರುತಿಸಬಲ್ಲವರ ಸಹಾಯದಿಂದ ಪ್ರತಿಯೊಂದು ಹೆಸರಿಗೂ ಜಾತಿಯನ್ನು ನಿರ್ಣಯಿಸಿದರೆ ನಿಘಂಟಿನ ಆ ಕೊರತೆ ತುಂಬುವುದು. ಈ ಕೆಲಸ ಹಕ್ಕಿಯೂ ಹೆಸರಿಡುವವರೂ ಒಂದೇ ಎಡೆಯಲ್ಲಿ ಇರುವವರೆಗೆ ಮಾತ್ರ ಸಾಧ್ಯ. ಬೆಟ್ಟ ಜಲ್ಲಿಯಾಗಿ, ಹುಲ್ಲು ಅಳಿದು, ಹುಣಸೆ ಕಡಿಯಲ್ಪಟ್ಟ ಮೇಲೆ ಉಳಿಯುವ ಅರ್ಥ ಮತ್ತೆ ‘ಪಕ್ಷಿವಿಶೇಷ’ವೇ ಆಗಿರುವುದು.