ಬಸ್ ಟಿಕೆಟ್ಟಿನಲ್ಲಿ ಎರಡು ಕಾಡು



ಕಾಡು ನೋಡೋಕೆ ಜೀಪೇ ಬೇಕು, ಅದೆಲ್ಲಾ ದುಡ್ಡಿದ್ದವರಿಗೆ ಅಂತ ಮನೆಯಲ್ಲಿ ಅಂತಾರೆ. ಅದು ನಿಜವಲ್ಲ. ಗುಂಡ್ಲುಪೇಟೆಯಿಂದ ಗೂಡಲೂರಿಗೆ ಹೋಗುವ ರಸ್ತೆ ಬಂಡೀಪುರ, ಮುದುಮಲೈ ಎರಡೂ ಕಾಡುಗಳ ಒಳಗೇ ಹಾದುಹೋಗುತ್ತದೆ. ಹುಲಿ ಯೋಜನೆ 1973 ರಲ್ಲಿ ಶುರುವಾದಾಗ ಮೊದಲು ಆರಿಸಿದ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ ಸಾಕು. ಜಿಂಕೆ, ನವಿಲು ಕಾಣಬಹುದು. ಅದೃಷ್ಟವಿದ್ದರೆ ಆನೆಯೂ ಕಾಣುತ್ತದೆ. ಗುಂಡ್ಲುಪೇಟೆ ತನಕ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೋದರೆ, 2023 ರಲ್ಲಿ ಬಂದ ಶಕ್ತಿ ಯೋಜನೆಯಿಂದ ಅಮ್ಮ, ಅಜ್ಜಿ, ಅಕ್ಕನಿಗೆ ದುಡ್ಡಿಲ್ಲ. ಗೂಡಲೂರು ಬೇರೆ ರಾಜ್ಯ, ಅಲ್ಲಿಗೆ ಟಿಕೆಟ್ ತಗೋಬೇಕು.

ಬೆಳಿಗ್ಗೆಯೇ ಹೊರಡಿ, ಸಂಜೆಯೊಳಗೆ ವಾಪಸ್ ಬನ್ನಿ. ಕತ್ತಲಲ್ಲಿ ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು. ಅದಕ್ಕೇ 2009 ರಿಂದ ಬಂಡೀಪುರದ ರಸ್ತೆಯಲ್ಲಿ ರಾತ್ರಿ 9 ರಿಂದ ಬೆಳಿಗ್ಗೆ 6 ರವರೆಗೆ ವಾಹನ ಓಡಾಟಕ್ಕೆ ತಡೆಯಿದೆ.

ಬುತ್ತಿಯನ್ನು ಗುಂಡ್ಲುಪೇಟೆಯಲ್ಲೇ ಉಂಡು ಮುಗಿಸಿ. ಕಾಡಲ್ಲಿ ಕಿಟಕಿಯಿಂದ ಏನೂ ಎಸೀಬೇಡಿ. ತಿಂಡಿ ಎಸೆದರೆ ಕೋತಿ, ಜಿಂಕೆಗಳು ರಸ್ತೆಗೆ ಬರೋದು ಕಲಿತು ಚಕ್ರಕ್ಕೆ ಸಿಗುತ್ತವೆ. ಉಪ್ಪಿನ ರುಚಿಗೆ ಪ್ಲಾಸ್ಟಿಕ್ ಕವರನ್ನೂ ನುಂಗುತ್ತವೆ.

ನಾವು ಒಂದು ದಿನದ ನೆಂಟರು, ಅದು ಅವುಗಳ ಮನೆ.