“ಖಾತೆ ತೆಗಿ” ಅಂದರೆ ಏನು? ಲೆಕ್ಕ ಅಳಿಸುವ ಮುನ್ನ ಎಐ ಏಜೆಂಟು ಕೇಳಬೇಕಾದ ಪ್ರಶ್ನೆ

ಗಡಿಯಾಚೆಯ ಕನ್ನಡದ ಈ ಮಾಲಿಕೆಯಲ್ಲಿ ನಾನು ಸೊಲ್ಲಾಪುರ–ಅಕ್ಕಲಕೋಟ ಕಡೆಯ ಅಂಗಡಿ ಲೆಕ್ಕದ ಭಾಷೆಯ ಬಗ್ಗೆ ಮಾತಾಡ್ತೀನಿ. ಸಾಹಿತ್ಯದ ವಿದ್ಯಾರ್ಥಿಗೆ ಈ ಉಸಾಬರಿ ಯಾಕೆ ಅಂತ ಅನ್ನಿಸಬಹುದು. ಒಂದು ಕ್ರಿಯಾಪದದಿಂದ ಶುರು ಮಾಡಿದರೆ ಯಾಕೆ ಅನ್ನೋದು ತಿಳೀತದೆ.

ಆ ಪದ ‘ತೆಗೆ’. ಬಾಗಿಲು ತೆಗೆ ಅಂದರೆ ತೆರೆ. ಕಪಾಟಿನಿಂದ ಪುಸ್ತಕ ತೆಗೆ ಅಂದರೆ ಹೊರಗೆ ತಾ. ಕಲೆ ತೆಗೆ ಅಂದರೆ ಇಲ್ಲದಂತೆ ಮಾಡು. ಬ್ಯಾಂಕಿನಲ್ಲಿ ಖಾತೆ ತೆಗೆದೆ ಅಂದರೆ ಹೊಸದಾಗಿ ಶುರು ಮಾಡಿದೆ. ಈಗ ಕಿರಾಣಿ ಅಂಗಡಿಯ ಮಾಲಕರು “ಪಾಟೀಲರ ಹಳೀ ಖಾತೆ ತಗೀ” ಅಂತಾರೆ. ಗಲ್ಲಾದ ಮ್ಯಾಲೆ ಕೂತ ಹುಡುಗನಿಗೆ ಸಂದರ್ಭ ಗೊತ್ತಿರ್ತದೆ. ಅನುಮಾನ ಬಂದರೆ “ತೋರಸ್ಲೇನ್ರಿ, ಹೊಡದ ಹಾಕ್ಲೇನ್ರಿ?” ಅಂತ ತಿರುಗಿ ಕೇಳ್ತಾನೆ. ಮರಾಠಿಗೆ ಹೊರಳಿದರೂ ಪಾರಾಗೋದಿಲ್ಲ. ಅಲ್ಲಿನ ‘ಕಾಢ’ ಕೂಡ ಹೀಗೇ ಎರಡೂ ಕಡೆ ಎಳೆಯುವ ಪದ. ಖಾತೆ ತೆರೆಯೋದಕ್ಕೂ ಅದೇ, ‘ಕಾಢೂನ್ ಟಾಕ್’ ಅಂದಾಗ ಕಿತ್ತುಹಾಕೋದಕ್ಕೂ ಅದೇ.

ಎಐ ಏಜೆಂಟು ಅಂದರೆ ಬರೀ ಉತ್ತರ ಹೇಳುವ ಚಾಟ್‌ಬಾಟ್ ಅಲ್ಲ. ಅದಕ್ಕೆ ಲೆಕ್ಕದ ಸಾಫ್ಟ್‌ವೇರಿನ ಒಳಗೆ ಹೋಗುವ ಪರವಾನಗಿ ಕೊಟ್ಟಿರ್ತೇವೆ. ಅದು ಬಿಲ್ಲು ಹೊಂದಿಸ್ತದೆ, ವೋಚರ್ ಬರೀತದೆ, ಎರಡೆರಡು ಸಲ ಬಂದ ನಮೂದು ಹುಡುಕಿ ಅಳಿಸ್ತದೆ. ಹುಡುಗ ಕೇಳಿದ ಆ ಪ್ರಶ್ನೆಯನ್ನು ಏಜೆಂಟಿನಿಂದ ಕಡ್ಡಾಯವಾಗಿ ಕೇಳಿಸಬೇಕು ಅನ್ನೋದು ನನ್ನ ವಾದ.

“ಕೇಳದೇ ಅಳಿಸಬೇಡ ಅಂತ ಮೊದಲೇ ಹೇಳಿಟ್ಟರೆ ಸಾಲದೇ?” ಸಾಲದು. 2025ರ ಜುಲೈನಲ್ಲಿ ಅಮೆರಿಕದ ಉದ್ಯಮಿ ಜೇಸನ್ ಲೆಮ್ಕಿನ್ ಅವರು ರೆಪ್ಲಿಟ್ ಕಂಪನಿಯ ಏಜೆಂಟಿಗೆ, ಅನುಮತಿ ಇಲ್ಲದೆ ಏನನ್ನೂ ಬದಲಿಸಬೇಡ ಅಂತ ಹೇಳಿದ್ದರು. ಆದರೂ ಅದು ಬಳಕೆಯಲ್ಲಿದ್ದ ಡೇಟಾಬೇಸನ್ನೇ ಅಳಿಸಿತು. ಮರಳಿ ಪಡೆಯೋದು ಸಾಧ್ಯವಿಲ್ಲ ಅಂತಲೂ ಹೇಳಿತು. ಆಮೇಲೆ ನೋಡಿದರೆ ಮರಳಿ ಸಿಕ್ಕಿತು! ಕಂಪನಿಯ ಮುಖ್ಯಸ್ಥರು ಕ್ಷಮೆ ಕೇಳಿದರು. ಅಂದರೆ ಮಾತಿನಲ್ಲಿ ಕೊಟ್ಟ ಸೂಚನೆಯನ್ನು ಏಜೆಂಟು ಮೀರಬಹುದು. ಹಾಗಾಗಿ ತಡೆ ಇರಬೇಕಾದದ್ದು ಸಾಫ್ಟ್‌ವೇರಿನಲ್ಲಿ. ಮನುಷ್ಯ ‘ಹೌದು’ ಒತ್ತುವ ತನಕ ಅಳಿಸುವ ಆಜ್ಞೆ ಡೇಟಾ ತನಕ ಮುಟ್ಟಲೇಬಾರದು.

ಲೆಕ್ಕಪತ್ರಕ್ಕೆ ಇದು ಇನ್ನೂ ಬಿಗಿಯಾಗಿ ಬೇಕು, ಯಾಕಂದರೆ ಕಾನೂನು ಅದನ್ನು ಉಳಿಸಿಕೋ ಅನ್ನುತ್ತದೆ. ಜಿಎಸ್‌ಟಿ ನೋಂದಣಿ ಇದ್ದವರು ಆ ವರ್ಷದ ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು ಲೆಕ್ಕ ಇಟ್ಟಿರಬೇಕು. ಕಂಪನಿಗಳಿಗೆ ಎಂಟು ಹಣಕಾಸು ವರ್ಷ. ಅದರ ಜೊತೆಗೆ, ಪ್ರತಿ ತಿದ್ದುಪಡಿಯ ಜಾಡನ್ನು ದಿನಾಂಕ ಸಮೇತ ದಾಖಲಿಸುವ, ಆ ದಾಖಲಾತಿಯನ್ನು ಬಂದ್ ಮಾಡಲಾಗದ ಸಾಫ್ಟ್‌ವೇರನ್ನೇ ಕಂಪನಿಗಳು ಬಳಸಬೇಕು ಅಂತ 2023ರ ಏಪ್ರಿಲ್ 1ರಿಂದ ನಿಯಮ ಇದೆ. ನಾನು ಹೇಳ್ತಿರೋ ಅಂಗಡಿ ಒಬ್ಬರದೇ ಒಡೆತನದ್ದು, ಅದು ಕಂಪನಿ ಅಲ್ಲ. ಈ ಜಾಡಿನ ನಿಯಮ ಅದಕ್ಕೆ ತಾಗೋದಿಲ್ಲ. ತಾಗಿದರೂ ಜಾಡು ಹೇಳೋದು ಕೆಲಸ ಆದ ಮ್ಯಾಲೆ. ಏಜೆಂಟು ಮಾಲಕರ ಲಾಗಿನ್‌ನಲ್ಲೇ ಒಳಗೆ ಹೋಗಿದ್ದರೆ ಜಾಡಿನಲ್ಲಿ ಬೀಳುವ ಹೆಸರೂ ಮಾಲಕರದ್ದೇ.

ನಮ್ಮ ವಿಭಾಗಕ್ಕೆ ಹತ್ತಿರದ ಒಂದು ಮಾತು. ಹಳೆಯ ‘ಕಡತ’ ಅಂದರೆ ಹುಣಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಮಡಿಸಿದ ಉದ್ದನೆಯ ಬಟ್ಟೆ. ಬಳಪದಲ್ಲಿ ಬರೀತಿದ್ದರು, ಒರೆಸಿ ಮತ್ತೆ ಬರೀಬಹುದಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಇತಿಹಾಸಕಾರರಿಗೆ ಆಕರ. ಅಳಿಸಬಹುದಾದ ವಸ್ತುವಿನ ಮೇಲೆ ಬರೆದದ್ದೂ ಉಳಿದು ಬಂದಿದೆ; ಒರೆಸುವ ಕೈ ಯಾರದ್ದು ಅನ್ನೋದು ಗೊತ್ತಿರ್ತಿತ್ತು ಅಂತ ನನಗನ್ನಿಸ್ತದೆ. ಇದು ನನ್ನ ಊಹೆ, ಒಪ್ಪದಿದ್ದರೂ ಸರಿ. ಇವತ್ತು ಕಡತ ಅಂದರೆ ಕಚೇರಿಯ ಫೈಲು. ‘ಕಡತ ವಿಲೇವಾರಿ’ ಅಂದರೆ ತೀರ್ಮಾನ ಮಾಡೋದು, ‘ಕಸ ವಿಲೇವಾರಿ’ ಅಂದರೆ ಎಸೆಯೋದು. “ಹಳೇ ಬಿಲ್ಲು ವಿಲೇವಾರಿ ಮಾಡು” ಅಂತ ಏಜೆಂಟಿಗೆ ಹೇಳಿ ನೋಡಿ!

ಇನ್ನು ಕೇಳುವ ಬಗೆ. “ಈ ವೋಚರ್ ರದ್ದು ಮಾಡಬೇಕೆ?” ಅಂತ ಬರ್ತದೆ, ಕೆಳಗೆ ಎರಡು ಗುಂಡಿ: ‘ಸರಿ’, ‘ರದ್ದುಮಾಡಿ’. ಯಾವುದನ್ನು ಒತ್ತಬೇಕು? ಇಂಗ್ಲಿಷಿನ ‘ಕ್ಯಾನ್ಸಲ್’ ಗುಂಡಿಯನ್ನು ಪದಕ್ಕೆ ಪದ ತಂದದ್ದರ ಫಲ ಇದು. ಲೆಕ್ಕದಲ್ಲಿ ರದ್ದು ಬೇರೆ, ಅಳಿಸು ಬೇರೆ. ಟ್ಯಾಲಿಯಲ್ಲಿ ಆಲ್ಟ್–ಎಕ್ಸ್ ಒತ್ತಿ ಕ್ಯಾನ್ಸಲ್ ಮಾಡಿದರೆ ಮೊತ್ತ ಹೋಗ್ತದೆ, ವೋಚರ್ ನಂಬರ್ ಉಳೀತದೆ. ಆಲ್ಟ್–ಡಿ ಒತ್ತಿ ಡಿಲೀಟ್ ಮಾಡಿದರೆ ವೋಚರೇ ಹೋಗ್ತದೆ. ಗುಂಡಿಯ ಮೇಲೆ ‘ಅಳಿಸಿ’, ‘ಹಾಗೇ ಇರಲಿ’ ಅಂತ ಬರೆದರೆ ಯಾರಿಗೂ ಗೊಂದಲ ಆಗೋದಿಲ್ಲ. ಜೊತೆಗೆ ಯಾರ ಖಾತೆ, ಎಷ್ಟು ನಮೂದು, ಯಾವ ತಾರೀಖಿನಿಂದ ಯಾವ ತಾರೀಖು, ಬಾಕಿ ಎಷ್ಟು, ಮರಳಿ ತರಬಹುದೋ ಇಲ್ಲವೋ, ಇಷ್ಟು ಕಾಣಬೇಕು. “ಮುಂದುವರಿಯಲೇ?” ಅಂತಷ್ಟೇ ಕೇಳೋದು ಕೇಳಿದ ಹಾಗಲ್ಲ.

ಚಾಟ್‌ನಲ್ಲಿ ಒಂದು ಪ್ರಶ್ನೆ ಬಂದಿದೆ: “ಪ್ರತಿಯೊಂದಕ್ಕೂ ಕೇಳಿದರೆ ಜನ ನೋಡದೇ ಹೌದು ಒತ್ತತಾರಲ್ಲ?” ಹೌದು, ಒತ್ತತಾರೆ. ಅದಕ್ಕೇ ಓದೋದಕ್ಕೆ, ಹುಡುಕೋದಕ್ಕೆ, ಕರಡು ಬರೆಯೋದಕ್ಕೆ ಕೇಳೋದು ಬೇಡ. ಅಳಿಸೋದಕ್ಕೆ ಮಾತ್ರ ಕೇಳಲಿ. ಎರಡು ಖಾತೆ ಕೂಡಿಸೋದನ್ನೂ ನಾನು ಅಳಿಸೋದರಲ್ಲೇ ಸೇರಿಸ್ತೀನಿ. ಸಿದ್ಧರಾಮೇಶ್ವರನ ಊರಿನ ಸುತ್ತ ಸಿದ್ರಾಮ ಅನ್ನೋ ಹೆಸರಿಗೆ ಬರವಿಲ್ಲ. ಉದ್ರಿ ವಹಿಯಲ್ಲಿ ಒಬ್ಬನ ಹೆಸರು ಕನ್ನಡದ ಉಚ್ಚಾರದಲ್ಲಿ ‘ಸಿದ್ರಾಮ’, ಬಿಲ್ಲಿನಲ್ಲಿ ಮರಾಠಿ ರೂಢಿಯಂತೆ ‘ಸಿದ್ಧಾರಾಮ’. ಇಬ್ಬರೋ ಒಬ್ಬನೋ ಅನ್ನೋದು ಮಾಲಕರಿಗೆ ಮುಖ ನೋಡಿದರೆ ಗೊತ್ತು. ಏಜೆಂಟು ಒಂದೇ ಅಂತ ಕೂಡಿಸಿಬಿಟ್ಟರೆ ಒಬ್ಬನ ಬಾಕಿ ಇನ್ನೊಬ್ಬನ ತಲೆಗೆ ಬೀಳ್ತದೆ, ಅವನು ಸಂತೆ ದಿನ ಅಂಗಡಿ ಮುಂದೆ ಬಂದು ನಿಲ್ತಾನೆ.